ಸ್ಟೇರಿಂಗ್ ಸಡಿಲ ಮಾಡಿದ್ದು ಯಾರು?

"ಗಾಡಿ ನಿಂದರ್ಸ್ರಿ! ನಿಂದರ್ಸ್ರಿ ಅಂತೀನಿ!"

ಬಲಗಡೆಯಿಂದ ಬೈಕೊಂದು ನುಗ್ಗಿ ಬಂದು ಬಸ್ಸಿನ ಮುಂದೆ ಅಡ್ಡ ನಿಂತಿತು. ನೇತ್ರಾವತಿ ಎರಡೂ ಕಾಲಿನಿಂದ ಬ್ರೇಕ್ ಒತ್ತಿದಳು. ಹಿಂದೆ ಪಾತ್ರೆಗಳು ಉರುಳಿದ ಸದ್ದು, ಹೆಂಗಸರ ಚೀರಾಟ...

"ಯಾವನೋ ಅವ? ತಲಿ ನೆಟ್ಟಗ ಐತಿಲ್ಲೋ?" ಅವಳು ಕಿಟಕಿಯಿಂದ ಕೂಗಿದಳು.

ಅವನು ಬೈಕು ನಿಲ್ಲಿಸಿ ನೇರವಾಗಿ ಬಂದು ಬಸ್ಸಿನ ಮುಂದಿನ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ನೀಲಿ ಅಂಗಿ, ಮೊಣಕೈವರೆಗೂ ಕಪ್ಪು ಎಣ್ಣೆಯ ಕಲೆ. ವಯಸ್ಸು ಮೂವತ್ತೆರಡು, ಮೂವತ್ಮೂರು ಇರಬಹುದು.

"ಇಳೀರಿ ಮೇಡಂ. ಇಳಿದು ನೀವ ನೋಡ್ರಿ."

ನೇತ್ರಾವತಿಯ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಅದು ಈ ಬೈಕಿನವನಿಂದ ಮಾತ್ರ ಅಲ್ಲ. ಎರಡು ನಿಮಿಷದ ಹಿಂದಷ್ಟೇ ಗಾಳಿಗಿರಣಿಯ ರೆಕ್ಕೆ ಹೊತ್ತ ಉದ್ದನೆಯ ಟ್ರೇಲರ್ ಪಕ್ಕದಲ್ಲಿ ಹಾದುಹೋದಾಗ ಬಸ್ಸು ತಾನಾಗಿಯೇ ಎಡಕ್ಕೆ ವಾಲಿತ್ತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೂ ಗಾಲಿ ತಕ್ಷಣ ಮಾತು ಕೇಳಿರಲಿಲ್ಲ. ಶ್ರಾವಣದ ಗಾಳಿ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಅದು ಸಾದಾ ಬಸ್ಸಲ್ಲ. ಹಳೆಯ ಮಿನಿ ಬಸ್ಸೊಂದನ್ನು ಕೊಂಡು ನೇತ್ರಾವತಿ ಅದನ್ನು ಮನೆಯನ್ನಾಗಿ ಮಾಡಿಸಿದ್ದಳು. ಒಳಗೆ ಮಲಗಲು ಹಲಗೆಗಳು, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಮೂಲೆಯಲ್ಲೊಂದು ಪುಟ್ಟ ಶೌಚಾಲಯ. ಕಾರಟಗಿ, ನವಲಿ ಕಡೆ ಭತ್ತ ನಾಟಿ ಮಾಡುವ ಹೆಂಗಸರನ್ನು ಊರು ತೋರಿಸಲು ಕರೆದೊಯ್ಯುವುದು ಅವಳ ಕೆಲಸ. ನಾಟಿ ಮುಗಿದಿತ್ತು. ಕಳೆ ತೆಗೆಯುವ ಕೆಲಸ ಶುರುವಾಗಲು ಇನ್ನೂ ಎಂಟು ದಿನ. ಆ ಬಿಡುವಿನಲ್ಲಿ ಆರು ಹೆಂಗಸರು ವಿಜಯಪುರದ ಗೋಲಗುಮ್ಮಟ ನೋಡಲು ಹೊರಟಿದ್ದರು. ಜೀವನದಲ್ಲಿ ಮೊದಲ ಸಲ!

ಅವಳು ಇಳಿದಳು. ಅವನು ಗಾಲಿಯನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದ. ಗಾಲಿ ಕಟಕಟ ಅಂದಿತು.

"ಸ್ಟೇರಿಂಗಿನ ರಾಡು ಗಾಲಿಗೆ ಕೂಡೋ ಕೀಲು ಇದು. ಇದು ಕಳಚಿ ಬಿದ್ರ ನೀವು ಸ್ಟೇರಿಂಗ ಹಿಡಿದು ಕುಂತಿರ್ತೀರಿ, ಗಾಡಿ ತನಗ ಬೇಕಾದ ಕಡೆ ಹೋಗ್ತೈತಿ. ಇನ್ನ ಇಪ್ಪತ್ತು ಕಿಲೋಮೀಟರ್ ಹೋಗಿದ್ರ..." ಅವನು ಬಸ್ಸಿನ ಕಿಟಕಿಗಳಲ್ಲಿ ಕಂಡ ಆರು ಮುಖಗಳನ್ನು ನೋಡಿ ಮಾತು ನಿಲ್ಲಿಸಿದ.

"ನಿಮಗ ಹೆಂಗ ಗೊತ್ತಾತು?"

"ನಾ ಸ್ಟೇರಿಂಗ್ ಮಿಸ್ತ್ರಿ ರಿ. ಹುಲಿಗೆಪ್ಪ ಅಂತ. ಕುಷ್ಟಗಿ ಹೈವೇದಾಗ ನನ್ನ ಗ್ಯಾರೇಜ್ ಐತಿ."

"ಅದಲ್ಲ ಕೇಳಿದ್ದು. ನನ್ನ ಗಾಡಿ ಎಲ್ಲಿ ನೋಡಿದ್ರಿ?"

ಅವನು ಅರೆಕ್ಷಣ ತಡವರಿಸಿದ. ಕಣ್ಣು ತಪ್ಪಿಸಿದ.

"ಇಲ್ಲೇ... ರೋಡಿನ್ಯಾಗ. ಹಿಂದ ಬರಾಕತ್ತಿದ್ದೆ. ಗಾಲಿ ಆಡೋದು ಕಂಡ್ತು."

ನೇತ್ರಾವತಿ ಆ ಅರೆಕ್ಷಣವನ್ನು ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. 'ಏನೋ ಮುಚ್ಚಿಡ್ತಾ ಇದ್ದಾನೆ ಇವನು...'

ಅನುಮಾನ ಅವಳಿಗೆ ಹೊಸದಲ್ಲ. ಗಂಗಾವತಿಯಲ್ಲಿ ಆರು ವರ್ಷ ಶಾಲಾ ಬಸ್ಸು ಓಡಿಸಿದವಳು ಅವಳು. ಹೊಸ ಬ್ಯಾಟರಿ ಎಂದು ಹಳೆಯದನ್ನು ಕೂರಿಸಿದ ಗ್ಯಾರೇಜು ನೋಡಿದ್ದಳು. ನಿಶ್ಚಿತಾರ್ಥವಾದ ಹುಡುಗನನ್ನೂ ನೋಡಿದ್ದಳು. 'ನೀ ಗಾಡಿ ಓಡಿಸೋದು ನನಗ ಭಾಳ ಹೆಮ್ಮಿ' ಎಂದು ಒಂದು ವರ್ಷ ಹೇಳಿದವನು, ಮದುವೆಗೆ ಹದಿನೈದು ದಿನ ಇರುವಾಗ 'ಇನ್ನ ಸಾಕು, ಸ್ಟೇರಿಂಗ್ ಬಿಡು, ಇಲ್ಲಾಂದ್ರ ನನ್ನ ಬಿಡು' ಎಂದಿದ್ದ. ಅವಳು ಅವನನ್ನೇ ಬಿಟ್ಟಿದ್ದಳು. ಅಂದಿನಿಂದ ಯಾರಾದರೂ ಒಳ್ಳೆಯ ಮಾತಾಡಿದರೆ ಮೊದಲು ಅದರ ಹಿಂದೆ ಏನಿದೆ ಎಂದು ಹುಡುಕುತ್ತಿದ್ದಳು.

ಆದರೆ ಗಾಲಿ ಅಲ್ಲಾಡಿದ್ದು ಸುಳ್ಳಲ್ಲವಲ್ಲ!

ಹುಲಿಗೆಪ್ಪ ದಾರಿಯಲ್ಲಿ ಬಂದ ಟಂಟಂ ಆಟೊ ನಿಲ್ಲಿಸಿ, ಗ್ಯಾರೇಜಿಗೆ ಹೋಗಲು ಹೆಂಗಸರನ್ನೆಲ್ಲ ಹತ್ತಿಸಿದ. ಕೀಲಿಗೆ ದಪ್ಪ ತಂತಿ ಸುತ್ತಿ ಬಿಗಿದ.

"ನೀವೂ ಟಂಟಂ ಹತ್ರಿ. ಗಾಡಿ ನಾ ತರ್ತೀನಿ."

"ನನ್ನ ಗಾಡಿ ನಾನ ಹೊಡೀತೀನಿ."

ಅವನು ಅವಳ ಮುಖ ನೋಡಿದ. ಬೈಕು ಹತ್ತಿ, ಮೂರು ಕಿಲೋಮೀಟರ್ ದಾರಿಯುದ್ದಕ್ಕೂ ಅವಳ ಮುಂದೆ ನಡಿಗೆಯ ವೇಗದಲ್ಲಿ ಹೋದ. ಹಿಂದಿನಿಂದ ಬರುವ ಲಾರಿಗಳಿಗೆ ಕೈ ಬೀಸಿ ದಾರಿ ಬಿಡಿಸುತ್ತ ಹೋದ.

* * *

ಗ್ಯಾರೇಜಿನ ಅಂಗಳದಲ್ಲಿ ಬೇವಿನ ಮರವಿತ್ತು. ಹೆಂಗಸರು ಅಲ್ಲೇ ಚಾಪೆ ಹಾಸಿ ಕುಳಿತಿದ್ದರು. ನೇತ್ರಾವತಿ ಮಾತ್ರ ಸ್ಟೂಲು ಹಾಕಿಕೊಂಡು ಹುಲಿಗೆಪ್ಪನ ಪಕ್ಕದಲ್ಲೇ ಕುಳಿತಳು. ಅವನು ಬಿಚ್ಚಿದ ಪ್ರತಿಯೊಂದು ಭಾಗದ ಫೋಟೊ ತೆಗೆದಳು.

"ನನ್ನ ಮ್ಯಾಲೆ ನಂಬಿಕಿ ಇಲ್ಲೇನ್ರಿ?" ಅವನು ಬಸ್ಸಿನ ಕೆಳಗಿನಿಂದಲೇ ಕೇಳಿದ.

"ಇಲ್ಲ."

ಅವನು ನಕ್ಕ. "ಛಲೋ ಆತು. ನೋಡ್ಕೋತ ಕುಂಡರ್ರಿ."

ಒಂದು ತಾಸಿನ ನಂತರ ಅವನು ಕೈ ಒರೆಸಿಕೊಳ್ಳುತ್ತ ಎದ್ದು ಬಂದ.

"ಬರೇ ಕೀಲು ಬದಲಿ ಮಾಡಿ ಕಳಿಸಬಹುದು. ಆದ್ರ ಆರು ತಿಂಗಳಿಗೆ ಮತ್ತ ಹಿಂಗ ಆಗ್ತೈತಿ. ಈ ಗಾಡಿ ಸಾಲಿ ಹುಡುಗ್ರನ್ನ ಹೊರಾಕ ಮಾಡಿದ್ದು. ನೀವು ಮನೀನ ಕಟ್ಟೀರಿ ಅದರಾಗ. ನೀರಿನ ಟ್ಯಾಂಕು ಮುಂದ ಐತಿ. ಅಷ್ಟೂ ಭಾರ ಮುಂದಿನ ಗಾಲಿ ಮ್ಯಾಲೆ. ದಿನಾ ರಟ್ಟಿ ನೋವು ಬರ್ತಾವಿಲ್ರಿ?"

ಬರುತ್ತಿತ್ತು. ಯಾರಿಗೂ ಹೇಳಿರಲಿಲ್ಲ ಅವಳು. ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸುವಾಗ ಸೀಟಿನಿಂದ ಅರ್ಧ ಎದ್ದೇಳಬೇಕಾಗುತ್ತಿತ್ತು.

"ಏನ ಮಾಡ್ಬೇಕು ಅಂತೀರಿ?"

"ಪವರ್ ಸ್ಟೇರಿಂಗ್ ಕೂರಿಸೋಣ. ಬಾಕ್ಸು, ಪಂಪು ಹುಬ್ಬಳ್ಳಿಯಿಂದ ನಾಳೆ ಬರ್ತಾವ. ಕೀಲು ಎಲ್ಲಾ ಹೊಸಾವು. ಟ್ಯಾಂಕು ಹಿಂದಕ್ಕ ಸರಿಸಬೇಕು. ಗಾಲಿ ನಡುಗದಂಗ ಒಂದು ಡ್ಯಾಂಪರ್ ಹಾಕಬೇಕು. ಎರಡು ದಿನ ಬೇಕು."

'ಎರಡು ದಿನ! ಇಷ್ಟೊಂದು ಕೆಲಸ! ರಸ್ತೆಯಲ್ಲಿ ಸಿಕ್ಕ ಗಿರಾಕಿಯನ್ನು ಇವನು ಬಿಡ್ತಾನಾ...'

ಆಗಲೇ ಲಾಲಬೀ ಅವಳ ಸೆರಗು ಜಗ್ಗಿದಳು. ಅರವತ್ತು ದಾಟಿದ ಲಾಲಬೀ ನವಲಿಯಲ್ಲಿ ನಾಟಿ ಗುಂಪಿನ ಹಿರಿಯಳು. ಅವಳ ಕಣ್ಣಿಗೆ ಯಾವುದೂ ತಪ್ಪುತ್ತಿರಲಿಲ್ಲ.

"ಬೇಟಿ, ಇತ್ತ ಬಾ. ಈ ಮನಷಾನ್ನ ನಾ ಬೆಳಿಗ್ಗೆ ನೋಡೀನಿ."

"ಎಲ್ಲಿ?"

"ದಾರ್ಯಾಗ ನಾವು ನಿಂತಿದ್ದ ಚಾದ ಅಂಗಡ್ಯಾಗ. ನೀ ನಳದ ಹತ್ರ ಥರ್ಮಾಸ್ ತೊಳಿಯಾಕ ಹೋಗಿದ್ದಿ ನೋಡು, ಆವಾಗ. ಇವ ನಮ್ಮ ಬಸ್ಸಿನ ಬುಡಕ ಬಗ್ಗಿದ್ದ. ಮುಂದಿನ ಗಾಲಿ ಹತ್ರಾನ! ಕೈ ಒಳಗ ಹಾಕಿದ್ದ!"

ನೇತ್ರಾವತಿ ಹುಲಿಗೆಪ್ಪನ ಕಡೆ ತಿರುಗಿ ನೋಡಿದಳು.

'ರೋಡಿನಲ್ಲಿ ನೋಡಿದೆ ಅಂದಿದ್ದನಲ್ಲ... ಸುಳ್ಳು! ಹಾಗಾದರೆ ಸಡಿಲ ಮಾಡಿದ್ದೂ ಇವನೇ! ಆರು ಜೀವ ಬಸ್ಸಿನಲ್ಲಿದ್ದವು... ದೇವರೇ!'

ಅವಳು ಧಡಧಡ ನಡೆದು ಅವನ ಎದುರು ನಿಂತಳು. ಗ್ಯಾರೇಜಿನಲ್ಲಿದ್ದ ಮೂರು ಲಾರಿಯ ಡ್ರೈವರುಗಳು ತಿರುಗಿ ನೋಡಿದರು.

"ಚಾದ ಅಂಗಡ್ಯಾಗ ನನ್ನ ಗಾಡಿ ಬುಡಕ ಏನ ಮಾಡಾಕತ್ತಿದ್ರಿ?"

ಹುಲಿಗೆಪ್ಪನ ಮುಖ ಬಿಳಿಚಿತು. ನಟ್ಟು ತಿರುಗಿಸುವ ಪಾನಾವನ್ನು ಕೆಳಗಿಟ್ಟ.

"ಹೇಳ್ರಿ! ಇದ್ರೋ ಇಲ್ಲೋ?"

"...ಇದ್ದೆ."

"ಮತ್ತ ರೋಡಿನ್ಯಾಗ ನೋಡಿದೆ ಅಂತ ಸುಳ್ಳ್ಯಾಕ ಹೇಳಿದ್ರಿ?"

ಅವನು ತಲೆ ತಗ್ಗಿಸಿದ.

"ನನಗ ತಿಳೀತು ಬಿಡ್ರಿ. ಸಡಿಲ ಮಾಡಾವ್ರೂ ನೀವ, ಬಿಗಿ ಮಾಡಾವ್ರೂ ನೀವ! ಹೆಂಗಸು ಗಾಡಿ ಹೊಡೀತಾಳ, ಇಕಿಗೇನ ತಿಳೀತೈತಿ ಅಂತ ಮಾಡಿದ್ರಿ, ಅಲ್ಲ?"

ಅವನ ಕಣ್ಣಲ್ಲಿ ಸಿಟ್ಟು ಮೂಡಿತು, ಮರುಕ್ಷಣ ಆರಿತು. ಅವನು ಬಗ್ಗಿ, ಬಿಚ್ಚಿಟ್ಟಿದ್ದ ಕೀಲನ್ನು ಎತ್ತಿ ಹಳೆಯ ಪೇಪರಿನಲ್ಲಿ ಸುತ್ತಿ ಅವಳ ಕೈಗಿತ್ತ.

"ನಿಮಗ ನಂಬಿಕಿ ಇರೋ ಮಿಸ್ತ್ರಿ ಯಾರರ ಇದ್ರ ಇದನ್ನ ತೋರ್ಸ್ರಿ. ಅವರು ನನ್ನ ತಪ್ಪು ಅಂದ್ರ ಪೋಲೀಸ್ ಕರ್ಕೊಂಡ ಬರ್ರಿ. ನಾ ಎಲ್ಲೂ ಓಡಿ ಹೋಗಂಗಿಲ್ಲ."

ಆ ಧ್ವನಿಯಲ್ಲಿ ಹೆದರಿಕೆ ಇರಲಿಲ್ಲ. ಅದೇ ಅವಳನ್ನು ಇನ್ನಷ್ಟು ಗೊಂದಲಕ್ಕೆ ತಳ್ಳಿತು.

* * *

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಗಂಗಾವತಿಗೆ ಹೊರಟಳು. ತಾವರಗೇರಾ ದಾಟುವವರೆಗೂ ತೊಡೆಯ ಮೇಲಿನ ಆ ಕಬ್ಬಿಣದ ಗಂಟನ್ನೇ ನೋಡುತ್ತ ಕುಳಿತಿದ್ದಳು.

'ತಪ್ಪು ಮಾಡಿದವನು ಸಾಕ್ಷಿಯನ್ನು ತಾನಾಗಿ ಕೈಗೆ ಕೊಡ್ತಾನಾ? ಅಥವಾ ಅದೂ ಒಂದು ನಾಟಕವಾ?'

ಗಂಗಾವತಿಯ ಹುಸೇನಪ್ಪ ಅವಳ ಬಸ್ಸನ್ನು ಮನೆಯಾಗಿಸಿಕೊಟ್ಟ ವೆಲ್ಡಿಂಗ್ ಮಿಸ್ತ್ರಿ. ಅವಳಿಗೆ ತಂದೆಯ ವಯಸ್ಸಿನವನು. ಅವನು ಕನ್ನಡಕ ಏರಿಸಿ ಕೀಲನ್ನು ಬಿಸಿಲಿಗೆ ಹಿಡಿದ. ತಿರುಗಿಸಿ ತಿರುಗಿಸಿ ನೋಡಿದ. ಅದರ ತುದಿಯ ಬಟ್ಟಲನ್ನು ಉಗುರಿನಿಂದ ಕೆರೆದ.

"ಏನ್ರಿ ಕಾಕಾ? ಯಾರರ ಸಡಿಲ ಮಾಡ್ಯಾರ?"

"ಇಲ್ಲವ್ವಾ. ಈ ಬಟ್ಟಲದಾಗಿನ ಬಿರುಕು ನೋಡು. ನಿನ್ನೆ ಬಿರುಕ ಬಿಟ್ಟಿದ್ರ ಒಳಗ ಬೆಳ್ಳಗ ಹೊಳೀತಿತ್ತು. ಇದರಾಗ ಕೆಂಪಗ ಜಂಗು ಹಿಡದೈತಿ. ಮೂರು ನಾಕು ತಿಂಗಳಿನ ಬಿರುಕು ಇದು. ಯಾವ ಪಾನಾ ಹಾಕಿದ್ರೂ ಕೈಯಿಂದ ಹಿಂಗ ಮಾಡಾಕ ಬರಂಗಿಲ್ಲ."

ನೇತ್ರಾವತಿ ಕೀಲನ್ನು ತಾನೇ ತೆಗೆದುಕೊಂಡು ಬಿಸಿಲಿಗೆ ಹಿಡಿದಳು.

"ತಪ್ಪು ನಂದವ್ವಾ," ಹುಸೇನಪ್ಪ ಕನ್ನಡಕ ತೆಗೆದ. "ಜಾಗ ಉಳೀತೈತಿ ಅಂತ ಟ್ಯಾಂಕು ಮುಂದ ಕೂರಿಸಿದೆ. ಸ್ಟೇರಿಂಗಿಗೆ ಭಾರ ಬೀಳ್ತೈತಿ ಅನ್ನೋದು ಹೊಳೀಲಿಲ್ಲ. ಈ ಹುಡುಗ ನಿಮ್ಮನ್ನ ನಿಂದರಿಸಿಲ್ಲಂದ್ರ... ಅವ ಯಾರ ಇರಲಿ, ಅವಗ ನಾ ಕೈ ಮುಗೀತೀನಿ."

ವಾಪಸ್ ಬರುವಾಗ ಬಸ್ಸಿನ ಕಿಟಕಿಯ ಗಾಳಿಗೆ ಅವಳ ಕಣ್ಣಲ್ಲಿ ನೀರು ಬಂತು. ಗಾಳಿಗೇ ಎಂದು ಅವಳು ಅಂದುಕೊಂಡಳು.

ಎಲ್ಲರೆದುರು ಏನೆಲ್ಲ ಅಂದಿದ್ದಳು ಅವನಿಗೆ! ಅವನ ಅಂಗಳದಲ್ಲೇ ನಿಂತು, ಅವನ ಗಿರಾಕಿಗಳ ಎದುರೇ...

ಆದರೂ ಮನಸ್ಸಿನ ಮೂಲೆಯಲ್ಲಿ ಆ ಮುಳ್ಳು ಹಾಗೇ ಇತ್ತು. 'ಸಡಿಲ ಮಾಡಿಲ್ಲ, ಸರಿ. ಹಾಗಾದರೆ ಸುಳ್ಳು ಯಾಕೆ ಹೇಳಿದ?'

* * *

ಅವಳು ಗ್ಯಾರೇಜಿಗೆ ಬಂದಾಗ ಹುಲಿಗೆಪ್ಪ ಹುಬ್ಬಳ್ಳಿಯ ಸಾಮಾನು ಇಳಿಸಿಕೊಳ್ಳಲು ಹೋಗಿದ್ದ. ಕುರ್ಚಿಯ ಮೇಲೆ ಕುಳಿತು ಬೋಲ್ಟುಗಳನ್ನು ಡೀಸೆಲ್ಲಿನಲ್ಲಿ ತೊಳೆಯುತ್ತಿದ್ದ ಗ್ಯಾರೇಜಿನವನೇ ಆದ ಈಶಪ್ಪ ಅವಳನ್ನು ನೋಡಿ ಪಕ್ಕದ ಸ್ಟೂಲು ತೋರಿಸಿದ. ನಡುವಯಸ್ಸಿನ ಅವನ ಎಡಗಾಲು ಮೊಣಕಾಲಿನ ಕೆಳಗೆ ಕೃತಕದ್ದು ಎಂಬುದನ್ನು ಅವಳು ಗಮನಿಸಿದ್ದು ಆಗಲೇ.

"ತೋರಿಸಿಕೊಂಡು ಬಂದ್ರೇನ್ರಿ?"

"ಹೂಂ. ಹಳೇ ಬಿರುಕಂತ. ಹೇಳಿದ ಕೆಲಸ ಎಲ್ಲಾ ಮಾಡ್ಲಿ ಅವರು."

"ನನಗ ಗೊತ್ತಿತ್ತು. ಅವ ಹಂಗ ಮಾಡಂಗಿಲ್ರಿ ಮೇಡಂ." ಈಶಪ್ಪ ತನ್ನ ಕಾಲನ್ನು ತಟ್ಟಿಕೊಂಡ. "ಇದು ನೋಡ್ರಿ. ಐದು ವರ್ಷದ ಹಿಂದ ನಾ ಯಲಬುರ್ಗಾ ಕಡೆ ಜೀಪ್ ಹೊಡೀತಿದ್ದೆ. ಸ್ಟೇರಿಂಗ ಎಳದಂಗ ಆಗ್ತಿತ್ತು ಅಂತ ಇವನ ಹತ್ರ ಬಂದೆ. ಸಂಜಿ ಆಗಿತ್ತು, ನಾಳೆ ಬಾ ಅಂದ. ನಾ ಹೋದೆ. ಎರಡ ಹರದಾರಿ ಹೋಗಿಲ್ಲ, ಜೀಪ್ ತಿರಗಾ ಮುರಗಾ ಬಿತ್ತು."

ನೇತ್ರಾವತಿ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನಾ ಅವಗ ಒಂದ ಮಾತು ಅಂದಿಲ್ಲ. ಹೋಗು ಅಂದಿದ್ದು ಅವ, ಹೋದಾವ ನಾನು. ಆದ್ರ ಅವ ಮರತಿಲ್ಲ. ದವಾಖಾನ್ಯಾಗಿಂದ ಸೀದಾ ಇಲ್ಲಿಗೆ ಕರ್ಕೊಂಡ ಬಂದ. ಗ್ಯಾರೇಜಿನ್ಯಾಗ ಅರ್ಧ ನನ್ನ ಹೆಸರಿಲೆ ಮಾಡ್ಯಾನ. ಅವತ್ತಿಂದ ರೋಡಿನ್ಯಾಗ ಯಾವ ಗಾಡಿ ಗಾಲಿ ಅಲ್ಲಾಡಿದ್ರೂ ಬೆನ್ನ ಹತ್ತಿ ಹೋಗ್ತಾನ. ಬೈಸಿಕೊಂಡು ಬರ್ತಾನ. ನಿನ್ನೆ ಬೈದಂಗ ಮಾತ್ರ ಯಾರೂ ಬೈದಿದ್ದಿಲ್ಲ ಬಿಡ್ರಿ!"

ಈಶಪ್ಪ ನಕ್ಕ. ಅವಳಿಗೆ ನಗಲಾಗಲಿಲ್ಲ.

"ಮತ್ತ ಚಾದ ಅಂಗಡಿ ವಿಷಯ ಸುಳ್ಳ್ಯಾಕ ಹೇಳಿದ್ರು?"

"ಅದು ನನಗೂ ಹೇಳಿಲ್ರಿ. ಅವನ್ನ ಕೇಳ್ರಿ."

ಆ ಸಂಜೆ ಅವಳು ಕೇಳಲು ಎರಡು ಸಲ ಹೋದಳು. ಅವನು ಬಸ್ಸಿನ ಕೆಳಗಿಂದ ಹೊರಬರಲೇ ಇಲ್ಲ. ಲಾಲಬೀ ರೊಟ್ಟಿ, ಪುಂಡಿಪಲ್ಯ ತಟ್ಟೆಗೆ ಹಾಕಿ ಅಲ್ಲೇ ಗಾಲಿಯ ಪಕ್ಕ ಇಟ್ಟಳು. "ತಿನ್ನಪಾ. ನನ್ನ ಕಣ್ಣು ಖರೇನ ನೋಡಿತ್ತು, ಬಾಯಿ ಮಾತ್ರ ಜಲ್ದಿ ಮಾಡ್ತು," ಎಂದಳು. ಕೆಳಗಿನಿಂದ ಒಂದು ಕೈ ಬಂದು ತಟ್ಟೆ ಒಳಗೆಳೆದುಕೊಂಡಿತು.

* * *

ಮೂರನೇ ದಿನ ಹತ್ತು ಗಂಟೆಗೆ ಕೆಲಸ ಮುಗಿಯಿತು. ಹುಲಿಗೆಪ್ಪ ಪಾನಾವನ್ನು ಅವಳತ್ತ ಚಾಚಿದ.

"ಕಡೀ ನಟ್ಟು ನೀವ ಬಿಗೀರಿ."

"ನಾನಾ?"

"ಹೌದ್ರಿ. ಬರ್ರಿ."

ಅವಳು ಸೆರಗು ಸಿಕ್ಕಿಸಿಕೊಂಡು ಬಗ್ಗಿ ಬಿಗಿದಳು. ಅವನು ಬಿಳಿ ಪೇಂಟಿನ ಪುಟ್ಟ ಡಬ್ಬಿ ತೆಗೆದು, ನಟ್ಟಿನಿಂದ ರಾಡಿನವರೆಗೆ ಒಂದು ಗೀಟು ಎಳೆದ. ಎಲ್ಲ ಕೀಲುಗಳಿಗೂ ಹಾಗೇ ಎಳೆದ.

"ದಿನಾ ಮುಂಜಾನೆ ಬಗ್ಗಿ ನೋಡ್ರಿ. ಗೀಟು ನೆಟ್ಟಗಿದ್ರ ನಟ್ಟು ಜಾಗಾ ಬಿಟ್ಟಿಲ್ಲ. ಗೀಟು ತುಂಡಾಗಿದ್ರ ಯಾರೋ ತಿರುವ್ಯಾರ, ಇಲ್ಲಾ ತಾನ ಸಡಿಲಾಗೈತಿ. ಯಾವ ಮಿಸ್ತ್ರೀನೂ ನಂಬಬೇಕಾಗಿಲ್ಲ ನೀವು. ನನ್ನನ್ನೂ ನಂಬಬ್ಯಾಡ್ರಿ."

ಅವನು ವ್ಯಂಗ್ಯವಾಡುತ್ತಿರಲಿಲ್ಲ. ಅವಳ ಅನುಮಾನವನ್ನು ತಪ್ಪೆಂದು ತಳ್ಳದೆ, ಅದಕ್ಕೊಂದು ದಾರಿ ಮಾಡಿಕೊಟ್ಟಿದ್ದ.

ಹೈವೇಗೆ ಇಬ್ಬರೇ ಹೊರಟರು. ಅವಳು ಸ್ಟೇರಿಂಗ್ ಹಿಡಿದಳು, ಅವನು ಪಕ್ಕದಲ್ಲಿ ಕುಳಿತ.

ಅಂಗಳದಿಂದ ತಿರುಗಿಸುವಾಗಲೇ ಅವಳು ಅಚ್ಚರಿಯಿಂದ ಕೂಗಿದಳು. "ಅಯ್ಯ! ಇದು ನನ್ನ ಗಾಡೀನ ಹೌದೇನು?"

ಎದ್ದು ನಿಂತು ಎಳೆಯಬೇಕಾಗಿದ್ದ ಸ್ಟೇರಿಂಗ್ ಅಂಗೈಯ ಒತ್ತಡಕ್ಕೇ ತಿರುಗಿತು!

"ಹಗುರಾತು ಅಂತ ಒಂದ ಕೈಲೆ ಹಿಡೀಬ್ಯಾಡ್ರಿ. ಸ್ಪೀಡಿನ್ಯಾಗ ಸ್ವಲ್ಪ ತಿರುವಿದ್ರೂ ಭಾಳ ತಿರುಗ್ತೈತಿ. ದೊಡ್ಡ ಗಾಡಿ ಬಂದಾಗ ಜಗ್ಗಾಡಬ್ಯಾಡ್ರಿ, ಎರಡೂ ಕೈಲೆ ಹಿಡದು ಸುಮ್ನ ಇರ್ರಿ. ಅಗೋ, ಬಂತು ನೋಡ್ರಿ."

ಎದುರಿನಿಂದ ಮತ್ತೊಂದು ರೆಕ್ಕೆಯ ಟ್ರೇಲರ್! ಅವಳ ಬೆರಳುಗಳು ಬಿಗಿದವು. ಗಾಳಿ ದಬ್ಬಿತು... ಬಸ್ಸು ಸಣ್ಣಗೆ ನಡುಗಿತು. ಅಷ್ಟೇ. ಗೆರೆ ಬಿಟ್ಟು ಅಲುಗಲಿಲ್ಲ.

ಅವಳು ಬಸ್ಸನ್ನು ನಿಧಾನವಾಗಿ ಬದಿಗೆ ನಿಲ್ಲಿಸಿದಳು. ಇಂಜಿನ್ ಬಂದ್ ಮಾಡಿದಳು.

"ಎಲ್ಲರ ಮುಂದ ಅಂದೆ. ನನ್ನದು ತಪ್ಪಾತು. ಎಲ್ಲರ ಮುಂದಾನ ಹೇಳ್ತೀನಿ ಅದನ್ನ. ಆದ್ರ ಒಂದ ಕೇಳ್ತೀನಿ, ಖರೇ ಹೇಳ್ರಿ. ಯಾಕ ಸುಳ್ಳ ಹೇಳಿದ್ರಿ?"

ಅವನು ಹೊರಗಿನ ಸಜ್ಜೆಯ ಹೊಲದ ಕಡೆ ತಿರುಗಿದ.

"ಚಾದ ಅಂಗಡ್ಯಾಗ ಗಾಲಿ ಕಡೆ ಗ್ರೀಸ್ ಸಿಡದಿದ್ದು ಕಂಡ್ತು. ಬಗ್ಗಿ ನೋಡಿದೆ, ಗಾಬರಿ ಆತು. ಡ್ರೈವರ್ ಎಲ್ಲಿ ಅಂತ ಹುಡುಕಿದೆ. ಚಾ ಕುಡ್ಯಾಕತ್ತಿದ್ದ ಗಂಡಸರನ್ನೆಲ್ಲ ಕೇಳಿದೆ. ಬೀಡಿ ಸೇದಾಕ ಹೋಗ್ಯಾನೇನೋ ಅಂತ ಅಂಗಡಿ ಹಿಂದ ಹೋಗಿ ನೋಡಿದೆ." ಅವನು ನಿಲ್ಲಿಸಿದ. "ನೀವು ನಳದ ಹತ್ರ ನಿಂತಿದ್ರಿ. ನಿಮ್ಮ ಪಕ್ಕದಾಗ ಎರಡ ಸಲ ಹಾದು ಹೋದೆ. ನಿಮ್ಮನ್ನ ಕೇಳಬೇಕು ಅಂತ ಹೊಳೀಲೇ ಇಲ್ಲ ನನಗ. ನಾ ಅಂಗಡಿ ಹಿಂದಿಂದ ಬರೋದ್ರಾಗ ಗಾಡಿ ಹೋಗಿಬಿಟ್ಟಿತ್ತು."

ನೇತ್ರಾವತಿ ಕಣ್ಣು ಮಿಟುಕಿಸದೆ ಅವನನ್ನೇ ನೋಡಿದಳು.

"ಬೆನ್ನ ಹತ್ತಿ ಬಂದು ನೋಡಿದ್ರ ಸ್ಟೇರಿಂಗ್ ಮುಂದ ನೀವು! ಮುಖಾ ಎಲ್ಲಿ ಇಡ್ಲಿ? ನನ್ನ ದಡ್ಡತನಕ್ಕ ಏಳು ಮಂದಿ ಹೋಗಿಬಿಡ್ತಿದ್ರು... ಹೇಳಾಕ ನಾಚಿಕಿ ಆತ್ರಿ. 'ಹೆಂಗಸು, ಇಕಿಗೇನ ತಿಳೀತೈತಿ ಅಂತ ಮಾಡಿದ್ರಿ' ಅಂದ್ರಲ್ಲ ನೀವು, ಆ ಮಾತು ಅರ್ಧ ಖರೇ ಇತ್ತು. ಅದಕ್ಕ ಬಾಯಿ ಬರಲಿಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹುಸೇನಪ್ಪ ಕಾಕಾನನ್ನು ಬಿಟ್ಟರೆ ಇಷ್ಟು ವರ್ಷದಲ್ಲಿ ಒಬ್ಬ ಗಂಡಸೂ ತನ್ನ ತಪ್ಪನ್ನು ಹೀಗೆ ಬಿಚ್ಚಿ ಅವಳ ಮುಂದಿಟ್ಟಿರಲಿಲ್ಲ.

'ಇವನು ಸುಳ್ಳು ಹೇಳಲು ಬಾರದವನು... ಒಂದು ಹೇಳಿದ್ದಕ್ಕೆ ಮೂರು ದಿನ ತಲೆ ಎತ್ತಿಲ್ಲ!'

"ಇನ್ನಮುಂದ ಡ್ರೈವರ್ ಹುಡುಕಬೇಕಾದ್ರ ಹೆಂಗಸರನ್ನೂ ಕೇಳ್ರಿ," ಎಂದಳು, ನಗು ತಡೆಯುತ್ತ.

"ಮೊದಲು ಅವರನ್ನ ಕೇಳ್ತೀನ್ರಿ," ಎಂದ ಅವನು. ಅವನ ಮುಖದಲ್ಲಿ ಮೊದಲ ಸಲ ನಗು ಪೂರ್ತಿಯಾಗಿ ಅರಳಿತು.

* * *

ಅಂಗಳಕ್ಕೆ ಮರಳಿ ಎಲ್ಲರೆದುರು ತಪ್ಪು ಒಪ್ಪಿಕೊಂಡ ಮೇಲೆ ನೇತ್ರಾವತಿ ಬಸ್ಸು ಹೊರಡಿಸಿದಳು. ಆರು ಹೆಂಗಸರೂ ಗೋಲಗುಮ್ಮಟ ಹತ್ತಿದರು. ಲಾಲಬೀ ಗೋಡೆಗೆ ಬಾಯಿ ಇಟ್ಟು ತನ್ನ ಹೆಸರು ಕೂಗಿ, ಅದು ತಿರುಗಿ ಬಂದಾಗ ಸಣ್ಣ ಹುಡುಗಿಯಂತೆ ಕುಣಿದಳು. ಆಲಮಟ್ಟಿಯ ನೀರು ನೋಡಿದರು. ರಟ್ಟೆ ನೋವಿಲ್ಲದೆ ನೇತ್ರಾವತಿ ಗಾಡಿ ಓಡಿಸಿದಳು. ಪ್ರತಿ ಮುಂಜಾನೆ ಬಗ್ಗಿ ಗೀಟು ನೋಡುವಾಗ ಒಂದು ಮುಖ ನೆನಪಾಗುತ್ತಿತ್ತು.

'ಮೂರು ದಿನದ ಪರಿಚಯ. ಇಷ್ಟು ಬೇಗ ಮನಸ್ಸು ಹೋಗುತ್ತಾ? ಅವನಿಗೆ ನಾನು ಬರೀ ಗಿರಾಕಿಯೇನೋ...' ಅನುಮಾನ ಈಗ ಬೇರೆ ವೇಷ ಹಾಕಿಕೊಂಡು ಬಂದಿತ್ತು.

ನಾಲ್ಕನೇ ದಿನ ವಾಪಸ್ ಬರುವಾಗ ಬಸ್ಸು ಕುಷ್ಟಗಿಯ ಗ್ಯಾರೇಜಿನ ಅಂಗಳಕ್ಕೆ ತಿರುಗಿತು.

"ಏನಾತ್ರಿ?" ಹುಲಿಗೆಪ್ಪ ಓಡಿ ಬಂದ.

"ಸಪ್ಪಳ ಬರ್ತೈತಿ. ಎಡಗಡೆ."

ಅವನು ಕೆಳಗೆ ನುಗ್ಗಿದ. ಎಲ್ಲ ಕೀಲು ಮುಟ್ಟಿ ನೋಡಿದ. ಸ್ಟೇರಿಂಗ್ ತಿರುಗಿಸಿ ಕೇಳಿದ. ಕೊನೆಗೆ ಎದ್ದು ಬಂದು, ಬೇವಿನ ಮರದ ಕೆಳಗೆ ನಿಂತಿದ್ದ ಅವಳ ಎದುರು ನಿಂತ.

"ಯಾವ ಸಪ್ಪಳಾನೂ ಇಲ್ಲ."

"ಹೌದಾ?" ಅವಳು ಎಲ್ಲೋ ನೋಡಿದಳು. "ಬಂದಂಗ ಅನಿಸ್ತು..."

ಬಸ್ಸಿನ ಕಿಟಕಿಯಲ್ಲಿ ಲಾಲಬೀ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಹುಲಿಗೆಪ್ಪನಿಗೆ ನಿಧಾನವಾಗಿ ಅರ್ಥವಾಯಿತು. ಕಿವಿಯವರೆಗೂ ಕೆಂಪಾದ.

"ನಾಲ್ಕ ದಿನ ಆತ್ರಿ," ಎಂದ ಮೆಲ್ಲಗೆ. "ವಿಜಯಪುರದ ಕಡಿಂದ ದೊಡ್ಡ ಗಾಡಿ ಬಂದ್ರ ಸಾಕು, ಎದ್ದು ನಿಂದರ್ತೀನಿ. ಈಶಪ್ಪ ನಗ್ತಾನ. ನನಗ ಮಾತು ಜೋಡಿಸಾಕ ಬರಂಗಿಲ್ಲ. ನೀವು ನನಗ ಬೇಕು, ಅಷ್ಟ."

ಅವಳ ಕಣ್ಣು ತುಂಬಿತು. ಆದರೂ ಹೇಳಬೇಕಾದ್ದನ್ನು ಹೇಳಲೇಬೇಕಿತ್ತು.

"ನಾ ಗಾಡಿ ಬಿಡಂಗಿಲ್ಲ. ತಿಂಗಳದಾಗ ಹತ್ತ ದಿನ ಊರಾಗ ಇರಂಗಿಲ್ಲ."

"ಬಿಡು ಅಂತ ಯಾರ ಅಂದ್ರು?"

"ನನಗ ಲಗೂನ ನಂಬಿಕಿ ಬರಂಗಿಲ್ಲ. ಎಲ್ಲಾದಕ್ಕೂ ಅನುಮಾನ ಪಡ್ತೀನಿ. ತ್ರಾಸ ಆಗ್ತೈತಿ ನಿಮಗ."

"ಪಡ್ರಿ. ಬಂದು ಸೀದಾ ಕೇಳ್ರಿ. ನಾಚಿಕಿ ಆದ್ರೂ ಖರೇನ ಹೇಳ್ತೀನಿ."

ಗಾಳಿ ಬೇವಿನ ಎಲೆ ಉದುರಿಸಿತು. ಅವಳು ಅವನ ಎಣ್ಣೆ ಮೆತ್ತಿದ ಕೈಯನ್ನು ತಾನಾಗಿ ಹಿಡಿದುಕೊಂಡಳು.

"ಕೈ ಹೊಲಸಾಗ್ತಾವ ಮೇಡಂ..."

"ಆಗಲಿ. ಮತ್ತ ಈ ಮೇಡಂ ಅನ್ನೋದು ಬಿಡು."

"ಮತ್ತೇನ ಅನ್ಲಿ?"

"ನನಗ ಹೆಸರಿಲ್ಲೇನು?"

ಅವನು ಒಮ್ಮೆ ಉಸಿರೆಳೆದುಕೊಂಡ.

"...ನೇತ್ರಾ."

"ಹೂಂ," ಎಂದಳು ಅವಳು. "ಇನ್ನೊಮ್ಮೆ ಅನ್ನು."